ಕರುಳು ಮಾಡುವ ನೀರಿನ ಲೆಕ್ಕ

ಜ್ವರ ಬಂದರೆ, ಹಲ್ಲು ನೋವಾದರೆ ಮಕ್ಕಳು ತಾವಾಗಿಯೇ ಬಂದು ಹೇಳುತ್ತಾರೆ. ಮಲವಿಸರ್ಜನೆಯಲ್ಲಿ ಏರುಪೇರಾದರೆ ಮಾತ್ರ ಹೇಳುವುದಿಲ್ಲ. ಹತ್ತು ವರ್ಷ ದಾಟಿದವರಂತೂ ನಾಚಿಕೆಯಿಂದ ಬಾಯಿಯನ್ನೇ ಬಿಡುವುದಿಲ್ಲ. ಜೀರ್ಣಾಂಗವ್ಯೂಹದ ಚಿತ್ರ ಬಿಡಿಸಿ, ಭಾಗಗಳನ್ನು ಗುರುತಿಸಿ ಪೂರ್ತಿ ಅಂಕ ಗಿಟ್ಟಿಸುವ ವಿದ್ಯಾರ್ಥಿಗೂ ತನ್ನ ಹೊಟ್ಟೆಯಲ್ಲಿ ನಡೆಯುತ್ತಿರುವುದು ಏನೆಂದು ತಿಳಿದಿರುವುದಿಲ್ಲ. ದೊಡ್ಡ ಕರುಳಿನ ಬಗ್ಗೆ ಅವನು ಕಲಿತಿರುವುದು ಹೆಚ್ಚೆಂದರೆ ಒಂದು ಸಾಲು: ಅದು ನೀರನ್ನು ಹೀರಿಕೊಳ್ಳುತ್ತದೆ. ಆ ಒಂದು ಸಾಲನ್ನೇ ಸರಿಯಾಗಿ ಹಿಡಿದರೆ ಭೇದಿ, ಮಲಬದ್ಧತೆ, ಪರೀಕ್ಷೆಯ ದಿನದ ಅವಸರ ಎಲ್ಲಕ್ಕೂ ಉತ್ತರ ಸಿಗುತ್ತದೆ.

ವಯಸ್ಕನೊಬ್ಬನ ಲೆಕ್ಕ ನೋಡಿ. ಅವನು ದಿನಕ್ಕೆ ಕುಡಿಯುವ ಮತ್ತು ಊಟದೊಡನೆ ಸೇವಿಸುವ ನೀರು ಸುಮಾರು 2 ಲೀಟರ್. ಜೊಲ್ಲು, ಜಠರರಸ, ಪಿತ್ತರಸ, ಮೇದೋಜೀರಕ ರಸ, ಕರುಳಿನದೇ ರಸ ಇವೆಲ್ಲ ಸೇರಿ ಇನ್ನೂ 7 ಲೀಟರ್. ಒಟ್ಟು 9 ಲೀಟರ್ ದ್ರವದಲ್ಲಿ ಬಹುಪಾಲನ್ನು ಸಣ್ಣ ಕರುಳೇ ಹೀರಿಬಿಡುತ್ತದೆ. ದೊಡ್ಡ ಕರುಳಿಗೆ ಇಳಿಯುವುದು ಒಂದೂವರೆ ಲೀಟರಿನಷ್ಟು. ಕೊನೆಗೆ ಮಲದೊಡನೆ ಹೊರಹೋಗುವ ನೀರು 100ರಿಂದ 200 ಮಿಲಿಲೀಟರ್ ಮಾತ್ರ, ಅಂದರೆ ಒಂದು ಲೋಟವೂ ಇಲ್ಲ. ಹೂರಣವು ಕರುಳಿನಲ್ಲಿ ಬೇಗ ಸಾಗಿದರೆ ನೀರು ಹೀರಲು ಸಮಯ ಸಾಲದೆ ಮಲ ತೆಳುವಾಗುತ್ತದೆ. ತಡವಾದರೆ ದೊಡ್ಡ ಕರುಳು ಹೀರುತ್ತಲೇ ಇರುತ್ತದೆ, ಮಲ ಆಡಿನ ಹಿಕ್ಕೆಯಂತೆ ಗಟ್ಟಿಯಾಗುತ್ತದೆ. ಇಂಗ್ಲೆಂಡಿನ ಬ್ರಿಸ್ಟಲ್‌ನ ವೈದ್ಯರು 1997ರಲ್ಲಿ ಪ್ರಕಟಿಸಿದ ಪಟ್ಟಿಯಲ್ಲಿ ಮಲವನ್ನು ಹೀಗೆ ಗಟ್ಟಿಯಿಂದ ನೀರಿನವರೆಗೆ 7 ಬಗೆಗಳಾಗಿ ವಿಂಗಡಿಸಿದ್ದಾರೆ. ಕೇಳಿದರೆ ನಗು ಬರಬಹುದು. ಆದರೆ ಮಲದ ರೂಪವನ್ನು ನೋಡಿ ಕರುಳಿನ ವೇಗವನ್ನು ಅಂದಾಜು ಮಾಡಲು ವೈದ್ಯರು ಇಂದಿಗೂ ಅದನ್ನು ಬಳಸುತ್ತಾರೆ.

ಎಷ್ಟು ಸಲ ಹೋದರೆ ಸರಿ? ದಿನಕ್ಕೆ ಮೂರು ಸಲದಿಂದ ವಾರಕ್ಕೆ ಮೂರು ಸಲದವರೆಗೆ ಯಾವುದೂ ಸಹಜವೇ. ದಿನಕ್ಕೊಮ್ಮೆ ಆಗಲೇಬೇಕೆಂದು ಮಕ್ಕಳಿಗೆ ಹರಳೆಣ್ಣೆ ಕುಡಿಸುವ ಅಗತ್ಯವಿಲ್ಲ. ಗಮನಿಸಬೇಕಾದದ್ದು ಸಂಖ್ಯೆಯನ್ನಲ್ಲ, ಅವರವರ ವಾಡಿಕೆಯಲ್ಲಿ ಆದ ಬದಲಾವಣೆಯನ್ನು.

ಪರೀಕ್ಷೆಯ ಬೆಳಿಗ್ಗೆ ಎರಡು ಮೂರು ಸಲ ಓಡುವ ಹುಡುಗನಿಗೆ ರೋಗವೇನೂ ಇಲ್ಲ. ಆತಂಕವಾದಾಗ ಮಿದುಳಿನ ಸಂದೇಶದಿಂದ ಜಠರದ ಕೆಲಸ ನಿಧಾನವಾಗುತ್ತದೆ, ದೊಡ್ಡ ಕರುಳಿನದು ಚುರುಕಾಗುತ್ತದೆ. ಹೀಗಾಗಿ ಒಂದೆಡೆ ತಿಂಡಿ ಸೇರುವುದಿಲ್ಲ, ಇನ್ನೊಂದೆಡೆ ಹೊಟ್ಟೆ ನಿಲ್ಲುವುದಿಲ್ಲ. ನಿದ್ದೆಗೆಟ್ಟು ಓದಲೆಂದು ಕುಡಿಯುವ ಕಾಫಿಯೂ ಕೆಲವರ ದೊಡ್ಡ ಕರುಳನ್ನು ಕೆಣಕುತ್ತದೆ. ಪರೀಕ್ಷೆ ಮುಗಿದ ಮೇಲೆ ಇದು ತಾನಾಗಿಯೇ ಸರಿಹೋಗುತ್ತದೆ.

ಹಾಸ್ಟೆಲಿಗೆ ಸೇರಿದವರ ಕಷ್ಟ ಇದಕ್ಕೆ ತದ್ವಿರುದ್ಧ. ಎದ್ದ ಮೇಲೆ, ಅದರಲ್ಲೂ ತಿಂಡಿ ತಿಂದ ಮೇಲೆ, ದೊಡ್ಡ ಕರುಳು ಬಲವಾಗಿ ಹಿಂಡಿ ಮಲವನ್ನು ಗುದನಾಳಕ್ಕೆ ತಳ್ಳುತ್ತದೆ. ಆ ಕರೆ ಬಂದ ಹೊತ್ತಿಗೆ ಬಾಗಿಲ ಮುಂದೆ ಎಂಟು ಜನರ ಸಾಲಿದ್ದರೆ ಹುಡುಗ ತಡೆದುಕೊಳ್ಳುತ್ತಾನೆ. ತಡೆದುಕೊಂಡರೆ ಕರೆ ಅಡಗುತ್ತದೆ, ಮಲ ಅಡಗುವುದಿಲ್ಲ. ನೀರು ಹೀರುವ ಕೆಲಸ ಮುಂದುವರಿಯುತ್ತದೆ.

ಶಾಲೆಯ ಚಿಕ್ಕ ಮಕ್ಕಳಲ್ಲಿ ಈ ತಡೆಯುವ ಅಭ್ಯಾಸ ಇನ್ನೂ ದೂರ ಹೋಗುತ್ತದೆ. ಶೌಚಾಲಯಕ್ಕೆ ಚಿಲಕವಿಲ್ಲ, ನೀರಿಲ್ಲ, ಇಲ್ಲವೇ 'ಮಿಸ್, ಹೋಗಿ ಬರಲಾ?' ಎಂದು ಇಡೀ ತರಗತಿಯ ಎದುರು ಕೇಳಲು ಸಂಕೋಚ. ಹೋಗುವ ಗೊಡವೆಯೇ ಬೇಡವೆಂದು ನೀರು ಕುಡಿಯುವುದನ್ನೇ ಬಿಡುವ ಹೆಣ್ಣುಮಕ್ಕಳೂ ಇದ್ದಾರೆ. ಒಮ್ಮೆ ಗಟ್ಟಿ ಮಲದಿಂದ ನೋವಾದ ಮಗು ಮರುದಿನ ಹೆದರಿ ಮತ್ತೆ ತಡೆಯುತ್ತದೆ. ವಾರಗಳು ಕಳೆದಂತೆ ಗುದನಾಳ ಹಿಗ್ಗಿ, ತುಂಬಿದೆ ಎಂಬ ಅರಿವನ್ನೇ ಕಳೆದುಕೊಳ್ಳುತ್ತದೆ. ಆಗ ಮೇಲಿನಿಂದ ಬಂದ ತೆಳು ಮಲ, ಕಸ ಕಟ್ಟಿದ ಕಾಲುವೆಯಲ್ಲಿ ನೀರು ಪಕ್ಕದಿಂದ ಒಸರುವಂತೆ, ಮಗುವಿಗೆ ತಿಳಿಯದ ಹಾಗೆ ಸೋರುತ್ತದೆ. ಚಡ್ಡಿ ದಿನಕ್ಕೆ ನಾಲ್ಕು ಸಲ ಕೊಳೆಯಾಗುತ್ತದೆ.

ಮನೆಯವರ ಕಣ್ಣಿಗೆ ಇದು ಭೇದಿಯಂತೆಯೇ ಕಾಣುತ್ತದೆ, ಇಲ್ಲವೇ ಸೋಮಾರಿತನದಂತೆ. 'ಇಷ್ಟು ದೊಡ್ಡವನಾಗಿದ್ದೀಯ, ನಾಚಿಕೆಯಾಗಲ್ವೇನೋ?' ಎಂದು ಗದರುತ್ತಾರೆ, ಏಟೂ ಬೀಳುತ್ತದೆ. ಭೇದಿ ನಿಲ್ಲಿಸುವ ಮಾತ್ರೆ ಕೊಟ್ಟರಂತೂ ಇದ್ದ ಕಟ್ಟು ಇನ್ನೂ ಬಿಗಿಯಾಗುತ್ತದೆ. ಇಲ್ಲಿ ಬೇಕಾಗಿರುವುದು ಮಲವನ್ನು ಮೆದು ಮಾಡುವ ಔಷಧ. ಅದನ್ನು ವೈದ್ಯರ ಸಲಹೆಯಂತೆ, ಕೆಲವೊಮ್ಮೆ ತಿಂಗಳುಗಟ್ಟಲೆ ಕೊಡಬೇಕಾಗುತ್ತದೆ. ಊಟವಾದ ಮೇಲೆ ಐದಾರು ನಿಮಿಷ ಅವಸರವಿಲ್ಲದೆ ಕೂರಿಸಬೇಕು. ಕಮೋಡ್ ಆದರೆ ತೂಗಾಡುವ ಕಾಲಿನಡಿಗೆ ಒಂದು ಮಣೆ ಇಡಬೇಕು. ಜೊತೆಗೆ ಪೋಷಕರ ಸಭೆಯಲ್ಲಿ ಅಂಕಪಟ್ಟಿಯ ಮಾತಾದ ಮೇಲೆ ಶೌಚಾಲಯದ ಮಾತನ್ನೂ ಯಾರಾದರೂ ಎತ್ತಬೇಕು.

ಇನ್ನು ನಿಜವಾದ ಭೇದಿ. ರೋಟಾವೈರಸ್‌ನಂಥ ವೈರಾಣು ಅಥವಾ ಕಾಲರಾ ರೋಗಾಣು ಹೊಕ್ಕಾಗ ಲೆಕ್ಕವೇ ತಲೆಕೆಳಗಾಗುತ್ತದೆ. ಹೀರಬೇಕಾದ ಕರುಳೇ ನೀರು ಸುರಿಸುತ್ತದೆ. ಮಗುವಿನ ಪ್ರಾಣ ತೆಗೆಯುವುದು ಹೆಚ್ಚಾಗಿ ಹೀಗೆ ನೀರು ಮತ್ತು ಲವಣ ಬರಿದಾಗುವುದೇ. ಹೀಗಿದ್ದೂ 'ಕುಡಿಸಿದರೆ ಇನ್ನೂ ಹೋಗುತ್ತದೆ' ಎಂದು ನೀರನ್ನೇ ನಿಲ್ಲಿಸುವ ಮನೆಗಳಿವೆ.

1971ರಲ್ಲಿ ಬಾಂಗ್ಲಾ ಯುದ್ಧದ ನಿರಾಶ್ರಿತರು ಪಶ್ಚಿಮ ಬಂಗಾಳದ ಗಡಿಯ ಬನ್‌ಗಾಂವ್‌ಗೆ ಬಂದು ಸೇರಿದಾಗ ಕಾಲರಾ ಹಬ್ಬಿತು. ನರದೊಳಗೆ ಕೊಡುವ ಲವಣದ್ರವ ಸಾಲದಾಯಿತು. ಡಾ. ದಿಲೀಪ್ ಮಹಾಲನಬಿಸ್ ಅವರು ಉಪ್ಪು, ಅಡಿಗೆ ಸೋಡಾ, ಗ್ಲೂಕೋಸ್ ಕಲಸಿದ ನೀರನ್ನು ಪೀಪಾಯಿಗಳಲ್ಲಿ ತುಂಬಿಸಿ, ರೋಗಿಗಳ ಬಂಧುಗಳ ಕೈಯಿಂದಲೇ ಲೋಟ ಲೋಟವಾಗಿ ಕುಡಿಸಿದರು. ಶೇ. 30ರಷ್ಟಿದ್ದ ಸಾವು ಶೇ. 3.6ಕ್ಕೆ ಇಳಿಯಿತು. ಇದರ ಗುಟ್ಟು ಕರುಳಿನ ಗೋಡೆಯಲ್ಲಿದೆ. ಅಲ್ಲಿ ಸೋಡಿಯಂ ಮತ್ತು ಗ್ಲೂಕೋಸ್ ಜೊತೆಜೊತೆಯಾಗಿ ಒಳಹೋಗುವ ಒಂದು ಬಾಗಿಲಿದೆ, ಅವುಗಳ ಹಿಂದೆ ನೀರೂ ಹೋಗುತ್ತದೆ. ಕಾಲರಾ ವಿಷ ಈ ಬಾಗಿಲನ್ನು ಮುಚ್ಚಲಾರದು. ಮಹಾಲನಬಿಸ್ 2022ರಲ್ಲಿ ತೀರಿಕೊಂಡರು. ಪದ್ಮವಿಭೂಷಣ ಬಂದದ್ದು ಅದರ ಮರುವರ್ಷ!

ಓಆರ್‌ಎಸ್ ಪೊಟ್ಟಣದ ಮೇಲೆ ಬರೆದಷ್ಟೇ ನೀರು ಹಾಕಬೇಕು. ದೊಡ್ಡ ಪೊಟ್ಟಣಕ್ಕೆ ಕುದಿಸಿ ಆರಿಸಿದ ನೀರು 1 ಲೀಟರ್. ಒಂದು ಲೋಟಕ್ಕೆ ಚಿಟಿಕೆಯಷ್ಟು ಹಾಕುವ ಕೈಯಳತೆ ಸಲ್ಲದು. ಕಲಸಿದ್ದನ್ನು 24 ಗಂಟೆಯೊಳಗೆ ಮುಗಿಸಬೇಕು. ಪೊಟ್ಟಣ ಸಿಗದಿದ್ದರೆ 1 ಲೀಟರಿಗೆ 6 ಟೀ ಚಮಚ ಸಕ್ಕರೆ, ಅರ್ಧ ಟೀ ಚಮಚ ಉಪ್ಪು, ಎಲ್ಲವೂ ಮಟ್ಟಸ ಅಳತೆ. ಬಾಟಲಿಯ ಸಿಹಿ ಪಾನೀಯ ಇದಕ್ಕೆ ಬದಲಿಯಲ್ಲ, ಅತಿಯಾದ ಸಕ್ಕರೆ ನೀರನ್ನು ಕರುಳಿನೊಳಕ್ಕೇ ಎಳೆಯುತ್ತದೆ. ಎದೆಹಾಲು ನಿಲ್ಲಿಸಬಾರದು. ದೊಡ್ಡ ಮಕ್ಕಳಿಗೆ ಗಂಜಿ, ಮೊಸರನ್ನ ಕೊಡಬಹುದು. ಸತುವಿನ ಮಾತ್ರೆಯನ್ನು ಭೇದಿ ನಿಂತ ಮೇಲೂ ಹೇಳಿದಷ್ಟು ದಿನ ಪೂರ್ತಿ ಕೊಡಬೇಕು. ಮಗು ಮಂಕಾಗಿ ಕುಡಿಯಲೊಲ್ಲದಿದ್ದರೆ, ಕಣ್ಣು ಗುಳಿಬಿದ್ದರೆ, ಮೂತ್ರ ನಿಂತರೆ, ಮಲದಲ್ಲಿ ರಕ್ತ ಕಂಡರೆ ಬೆಳಗಾಗುವವರೆಗೆ ಕಾಯದೆ ಆಸ್ಪತ್ರೆಗೆ ಒಯ್ಯಬೇಕು.

ಬಣ್ಣವನ್ನೂ ನೋಡಬೇಕು. ಮಲಕ್ಕೆ ಕಂದು ಬಣ್ಣ ಬರುವುದು ಪಿತ್ತರಸದಿಂದ. ಅದು ಸುಣ್ಣದಂತೆ ಬೆಳ್ಳಗಾದರೆ ಪಿತ್ತದ ದಾರಿ ಕಟ್ಟಿರಬಹುದು, ತಡಮಾಡಬಾರದು. ಕಬ್ಬಿಣಾಂಶದ ಮಾತ್ರೆ ನುಂಗುವವರ ಮಲ ಕಪ್ಪಾಗುವುದು, ಬೀಟ್‌ರೂಟ್ ತಿಂದ ಮರುದಿನ ಕೆಂಪಾಗುವುದು ನಿರಪಾಯ. ಅಂಥ ಕಾರಣವಿಲ್ಲದೆ ಟಾರಿನಂತೆ ಕಪ್ಪಾಗಿ, ಅಂಟಂಟಾಗಿ ಬಂದರೆ ಜಠರದ ಕಡೆ ರಕ್ತ ಸೋರುತ್ತಿರಬಹುದು.

ಮಕ್ಕಳಿಗಿಂತ ಹೆಚ್ಚು ಮುಚ್ಚಿಡುವವರು ಮನೆಯ ಹಿರಿಯರು. ನಲವತ್ತೈದು ದಾಟಿದವರಲ್ಲಿ ವಾಡಿಕೆ ಇದ್ದಕ್ಕಿದ್ದಂತೆ ಬದಲಾಗಿ ಮೂರು ವಾರವಾದರೂ ಹಿಂದಿನಂತಾಗದಿದ್ದರೆ, ಮೈತೂಕ ಇಳಿಯುತ್ತಿದ್ದರೆ, ರಕ್ತ ಕಾಣಿಸಿಕೊಂಡರೆ, ಮೂಲವ್ಯಾಧಿಯಿರಬೇಕೆಂದು ತಾವೇ ತೀರ್ಮಾನಿಸಿ ಅಂಗಡಿಯ ಮುಲಾಮು ಹಚ್ಚುತ್ತ ಕೂರಬಾರದು. ಬಹುಮಟ್ಟಿಗೆ ಅದು ಮೂಲವ್ಯಾಧಿಯೇ ಇದ್ದೀತು. ಆದರೆ ದೊಡ್ಡ ಕರುಳಿನ ಕ್ಯಾನ್ಸರ್ ಕೂಡ ಮೊದಲು ತೋರುವ ಗುರುತುಗಳು ಇವೇ, ಮತ್ತು ಬೇಗ ಪತ್ತೆಯಾದರೆ ಶಸ್ತ್ರಚಿಕಿತ್ಸೆಯಿಂದ ಅದನ್ನು ಗುಣಪಡಿಸಬಹುದು.