ಮೈದಾನದಲ್ಲಿ ನಮಗೂ ಒಂದು ಗಂಟೆ

ಈ ತಿಂಗಳು ಅಡುಗೆ ಮನೆಯಿಂದ ಸ್ವಲ್ಪ ಹೊರಗೆ ಬಂದು ನಿಮ್ಮ ಊರಿನ ಆಟದ ಮೈದಾನದ ಬಗ್ಗೆ ಮಾತಾಡೋಣ. "ಮೈದಾನಕ್ಕೂ ನಮಗೂ ಏನು ಸಂಬಂಧ?" ಎಂದು ಪುಟ ತಿರುಗಿಸಬೇಡಿ.

ಇವತ್ತು ಸಂಜೆ ಐದು ಗಂಟೆಗೆ ನಿಮ್ಮ ಮಗ ಎಲ್ಲಿರುತ್ತಾನೆ? ಬ್ಯಾಟು ಹಿಡಿದು ಮೈದಾನದಲ್ಲಿ. ಮಗಳು ಎಲ್ಲಿರುತ್ತಾಳೆ? ಮನೆಯಲ್ಲಿ, ಮೊಬೈಲಿನ ಮುಂದೆ. ಐದನೇ ತರಗತಿಯವರೆಗೆ ಅವಳೂ ಓಡುತ್ತಿದ್ದಳು, ಕುಂಟೆಬಿಲ್ಲೆ ಆಡುತ್ತಿದ್ದಳು. ಆಮೇಲೆ ನಿಂತುಹೋಯಿತು. ಯಾರಾದರೂ ಅವಳಿಗೆ "ಬರಬೇಡ" ಎಂದರೇ? ಇಲ್ಲ. ಮೈದಾನದ ತುಂಬ ಹುಡುಗರ ಕ್ರಿಕೆಟ್ ಹರಡಿಕೊಂಡಿತು. ಅವಳಿಗೆ ನಿಲ್ಲಲು ಜಾಗವಿರಲಿಲ್ಲ, ಶೌಚಾಲಯವಿರಲಿಲ್ಲ. ತಾನಾಗಿಯೇ ಹಿಂದೆ ಸರಿದಳು. ನಾವು ಗಮನಿಸಲೂ ಇಲ್ಲ.

ಇನ್ನು ನಮ್ಮ ವಿಷಯ. ಸಕ್ಕರೆ ಕಾಯಿಲೆ, ರಕ್ತದೊತ್ತಡ, ಮಂಡಿನೋವು ಎಂದು ವೈದ್ಯರ ಬಳಿ ಹೋದರೆ ಅವರು ಬರೆದುಕೊಡುವ ಮೊದಲ ಔಷಧಿ "ದಿನಾ ನಡೆಯಿರಿ" ಎಂಬುದು. ಎಲ್ಲಿ ನಡೆಯುವುದು? ಮೆಕ್ಕೆಜೋಳದ ಲಾರಿ, ಟ್ರಾಕ್ಟರು, ಬೈಕು ಓಡುವ ರಸ್ತೆಯಲ್ಲೇ? ವಿಶ್ವ ಆರೋಗ್ಯ ಸಂಸ್ಥೆಯು 2020ರಲ್ಲಿ ಹೊರಡಿಸಿದ ಸಲಹೆಯ ಪ್ರಕಾರ ದೊಡ್ಡವರಿಗೆ ವಾರಕ್ಕೆ ಕನಿಷ್ಠ 150 ನಿಮಿಷ, ಬೆಳೆಯುವ ಮಕ್ಕಳಿಗೆ ದಿನಕ್ಕೆ ಸರಾಸರಿ 60 ನಿಮಿಷ ಮೈ ದಣಿಯುವ ಚಟುವಟಿಕೆ ಬೇಕು. ಈ 60 ನಿಮಿಷ ಮಗನಿಗೆ ಸಿಗುತ್ತಿದೆ. ಮಗಳಿಗೆ ಸಿಗುತ್ತಿಲ್ಲ. ನಮಗಂತೂ ಇಲ್ಲವೇ ಇಲ್ಲ.

ಚನ್ನಗಿರಿ, ಹೊನ್ನಾಳಿ, ನ್ಯಾಮತಿ, ಜಗಳೂರು - ದಾವಣಗೆರೆ ಜಿಲ್ಲೆಯ ಈ ನಾಲ್ಕು ತಾಲ್ಲೂಕುಗಳನ್ನೇ ತೆಗೆದುಕೊಳ್ಳಿ. ದೊಡ್ಡ ಕ್ರೀಡಾಂಗಣ, ತರಬೇತುದಾರರು ಎಂದರೆ ದಾವಣಗೆರೆ ನಗರದ ಕಡೆ ಮುಖ ಮಾಡಬೇಕು. 2023ರ ಜೂನ್‌ನಲ್ಲಿ ಶಕ್ತಿ ಯೋಜನೆ ಬಂದ ಮೇಲೆ ಹೆಣ್ಣು ಮಕ್ಕಳಿಗೆ ಸರಕಾರಿ ಬಸ್ಸಿನ ಟಿಕೆಟಿನ ಚಿಂತೆಯಿಲ್ಲ, ನಿಜ. ಆದರೆ ಹೋಗಿ ಬರುವ ಸಮಯವನ್ನು ಯಾರು ಕೊಡುತ್ತಾರೆ? ಕತ್ತಲಾದ ಮೇಲೆ ಮರಳುವ ಮಗಳನ್ನು ಯಾವ ತಾಯಿ ನೆಮ್ಮದಿಯಿಂದ ಕಾಯುತ್ತಾಳೆ? ಆದ್ದರಿಂದ ಮೈದಾನವು ಮನೆಯಿಂದ ನಡೆದು ಹೋಗುವಷ್ಟು ಹತ್ತಿರ ಇರಬೇಕು. ಇದ್ದ ಮೈದಾನ ಎಲ್ಲರದಾಗಬೇಕು.

"ಜಾಗ ಎಲ್ಲಿದೆ?" ಎಂಬುದು ಮೊದಲ ಪ್ರಶ್ನೆ. ಸ್ವಲ್ಪ ಲೆಕ್ಕ ಹಾಕೋಣ. ಮಹಿಳೆಯರ ಕಬಡ್ಡಿ ಅಂಕಣ 12 ಮೀಟರ್ ಉದ್ದ, 8 ಮೀಟರ್ ಅಗಲ. ವಾಲಿಬಾಲ್ 18ಕ್ಕೆ 9. ಥ್ರೋಬಾಲ್ 18.3ಕ್ಕೆ 12.2. ಖೋ ಖೋ 27ಕ್ಕೆ 16. ಟೆನಿಕಾಯ್ಟ್, ಅಂದರೆ ರಿಂಗ್ ಆಟ, 12.2ಕ್ಕೆ 5.5. ಸುತ್ತಲೂ ಓಡಾಡಲು ಎರಡು ಮೂರು ಮೀಟರ್ ಬಿಟ್ಟರೂ ಈ ಐದೂ ಅಂಕಣಗಳು ಸೇರಿ ಸುಮಾರು 19 ಗುಂಟೆ. ಅಂದರೆ ಅರ್ಧ ಎಕರೆಗೂ ಕಡಿಮೆ! ದೊಡ್ಡವರ ಕ್ರಿಕೆಟ್ಟಿಗೆ ಅಳತೆಯ ಪ್ರಕಾರ ಬೌಂಡರಿ ಹಾಕಿದರೆ ಅದೊಂದಕ್ಕೇ ಪೌಣೆ ಮೂರು ಎಕರೆ ಬೇಕು. ಒಂದು ಎಕರೆ ಜಾಗದ ಅಂಚಿನಲ್ಲಿ ನಡೆಯುವ ದಾರಿ ಮಾಡಿದರೆ ಒಂದು ಸುತ್ತಿಗೆ ಸುಮಾರು 240 ಮೀಟರ್. ನಾಲ್ಕು ಸುತ್ತು ಹಾಕಿದರೆ ಹೆಚ್ಚುಕಡಿಮೆ ಒಂದು ಕಿಲೋಮೀಟರ್. ನಮಗೆ ಕೊರತೆಯಾಗಿರುವುದು ಜಾಗವಲ್ಲ, ಜಾಗವನ್ನು ಹಂಚಿಕೊಳ್ಳುವ ಮನಸ್ಸು.

ಹಂಚಿಕೊಳ್ಳಲು ಒಂದು ವ್ಯವಸ್ಥೆ ಬೇಕು. ಅದಕ್ಕೇ ಕ್ಲಬ್ಬು. ಕ್ಲಬ್ ಎಂದಾಕ್ಷಣ ಇಸ್ಪೀಟು, ಹೊಗೆ ನೆನಪಾದರೆ ಅದನ್ನು ಮನಸ್ಸಿನಿಂದ ತೆಗೆದುಹಾಕಿ. 1960ರ ಕರ್ನಾಟಕ ಸಂಘಗಳ ನೋಂದಣಿ ಕಾಯ್ದೆಯಡಿ ಏಳು ಮಂದಿ ಸೇರಿದರೆ ಒಂದು ಸಂಘವನ್ನು ನೋಂದಾಯಿಸಬಹುದು. ನಿಯಮಾವಳಿ ಬರೆಯಬೇಕು. ವರ್ಷಕ್ಕೊಮ್ಮೆ ಸರ್ವಸದಸ್ಯರ ಸಭೆ ಸೇರಬೇಕು. ಲೆಕ್ಕಪತ್ರ ಒಪ್ಪಿಸಬೇಕು. ಆ ಏಳು ಮಂದಿಯಲ್ಲಿ ಮೂವರು ಮಹಿಳೆಯರಿರಲಿ. ಸನ್ಮಾನದ ಹಾರ ಹಿಡಿಯುವವರಾಗಿ ಅಲ್ಲ, ಖಜಾಂಚಿಯಾಗಿ, ಕಾರ್ಯದರ್ಶಿಯಾಗಿ. ಮನೆಯಲ್ಲಿ ತಿಂಗಳ ಸಂಬಳವನ್ನು ಮೂವತ್ತನೇ ತಾರೀಕಿನವರೆಗೆ ಎಳೆಯುವವರಿಗೆ ಕ್ಲಬ್ಬಿನ ಲೆಕ್ಕ ಕಷ್ಟವಾದೀತೇ?

ಸ್ವಂತ ಜಾಗವಿಲ್ಲದಿದ್ದರೆ ಊರಿನ ಸರಕಾರಿ ಶಾಲೆಯನ್ನು ನೋಡಿ. 2009ರ ಶಿಕ್ಷಣ ಹಕ್ಕು ಕಾಯ್ದೆಯು ಶಾಲೆಗಿರಬೇಕಾದ ಸೌಲಭ್ಯಗಳ ಪಟ್ಟಿಯಲ್ಲಿ ಆಟದ ಮೈದಾನವನ್ನೂ ಸೇರಿಸಿದೆ. ಅದೇ ಕಾಯ್ದೆ ಶಾಲಾ ಸಮಿತಿಯ ಮುಕ್ಕಾಲು ಪಾಲು ಸದಸ್ಯರು ಮಕ್ಕಳ ಹೆತ್ತವರಾಗಿರಬೇಕು, ಅರ್ಧದಷ್ಟು ಮಂದಿ ಮಹಿಳೆಯರಾಗಿರಬೇಕು ಎನ್ನುತ್ತದೆ. ನಮ್ಮಲ್ಲಿ ಅದನ್ನೇ ಎಸ್‌ಡಿಎಂಸಿ ಎನ್ನುತ್ತೇವೆ. ಶಾಲೆ ಬಿಟ್ಟ ಮೇಲೆ ಮೈದಾನವನ್ನು ಕ್ಲಬ್ಬಿಗೆ ತೆರೆಯಬೇಕೇ, ಬೀಗ ಹಾಕಬೇಕೇ ಎಂಬ ಮಾತನ್ನು ಎತ್ತಬೇಕಾದದ್ದು ಆ ಸಭೆಯಲ್ಲಿ. ನೀವು ಸದಸ್ಯೆಯಾಗಿದ್ದರೆ ಸಹಿ ಹಾಕಿ ಎದ್ದು ಬರಬೇಡಿ, ಬಾಯಿ ಬಿಡಿ.

ನ್ಯಾಮತಿಯವರು ಇನ್ನೊಂದು ಮಾತು ಗಮನಿಸಬೇಕು. ಹೊನ್ನಾಳಿಯಿಂದ ಬೇರೆಯಾಗಿ ಹೊಸದಾಗಿ ತಾಲ್ಲೂಕಾದ ಊರು ಅದು. ಹೊಸ ತಾಲ್ಲೂಕು ಎಂದರೆ ಕಚೇರಿ, ವಸತಿಗೃಹಗಳಿಗೆಲ್ಲ ಜಾಗ ಹುಡುಕುವ ಕಾಲ. ಖಾಲಿ ಬಯಲಿನ ಮೇಲೆ ಎಲ್ಲರ ಕಣ್ಣು. ಉದ್ಯಾನವನ, ಆಟದ ಮೈದಾನ ಮತ್ತು ಬಯಲು ಜಾಗಗಳ ಸಂರಕ್ಷಣೆಗೆಂದೇ ಕರ್ನಾಟಕದಲ್ಲಿ 1985ರ ಕಾಯ್ದೆಯೊಂದಿದೆ. "ನಮ್ಮ ಮೈದಾನ ನಿಮ್ಮ ದಾಖಲೆಯಲ್ಲಿ ಮೈದಾನ ಎಂದೇ ಇದೆಯೇ?" ಎಂದು ಪಟ್ಟಣ ಪಂಚಾಯಿತಿಯನ್ನು ಲಿಖಿತವಾಗಿ ಕೇಳಿ. ಕಟ್ಟಡ ಎದ್ದ ಮೇಲೆ ಕೇಳಿ ಪ್ರಯೋಜನವಿಲ್ಲ.

ಕ್ಲಬ್ ಆಯಿತು, ಜಾಗವೂ ಸಿಕ್ಕಿತು. ಮೊದಲ ಖರ್ಚು ಯಾವುದಕ್ಕೆ? ಹೆಚ್ಚಿನ ಕಡೆ ದೊಡ್ಡ ಟ್ರೋಫಿಗೆ, ಶಾಮಿಯಾನಕ್ಕೆ, ಮೈಕಿಗೆ. ಎರಡು ದಿನದ ಟೂರ್ನಮೆಂಟ್ ಮುಗಿದ ಮೇಲೆ ಉಳಿಯುವುದು ಪ್ಲಾಸ್ಟಿಕ್ ಲೋಟ ಮಾತ್ರ. ನನ್ನನ್ನು ಕೇಳಿದರೆ ಮೊದಲ ಖರ್ಚು ಒಂದು ಕಪ್ಪು ಹಲಗೆಗೆ. ಅದರ ಮೇಲೆ ವೇಳಾಪಟ್ಟಿ ಬರೆಯಿರಿ. ಬೆಳಿಗ್ಗೆ ಆರರಿಂದ ಏಳು ಮಹಿಳೆಯರ ನಡಿಗೆ. ಸಂಜೆ ನಾಲ್ಕೂವರೆಯಿಂದ ಐದೂವರೆ ಹುಡುಗಿಯರ ಖೋ ಖೋ, ಥ್ರೋಬಾಲ್. ಆಮೇಲೆ ಹುಡುಗರದ್ದು. ರಮಝಾನಿನಲ್ಲಿ, ಪರೀಕ್ಷೆಯ ತಿಂಗಳಲ್ಲಿ ಸಮಯ ಬದಲಿಸಿ ಬರೆಯಿರಿ. ಹಲಗೆಯ ಮೇಲೆ ಬರೆದ ಗಂಟೆಗೆ ಒಂದು ಶಕ್ತಿಯಿದೆ. ಬರೆಯದಿದ್ದರೆ ಮೈದಾನ ಮೊದಲು ಬಂದವನದು, ಜೋರಾಗಿ ಕೂಗುವವನದು. ಬರೆದರೆ ಹತ್ತು ವರ್ಷದ ಹುಡುಗಿಯೂ ಬೆರಳು ತೋರಿಸಿ "ಅಣ್ಣಾ, ಇದು ನಮ್ಮ ಸಮಯ" ಎನ್ನಬಹುದು.

ಎರಡನೆಯ ಖರ್ಚು ಶೌಚಾಲಯ ಮತ್ತು ಕುಡಿಯುವ ನೀರಿಗೆ. ಒಳಗಿನಿಂದ ಚಿಲಕ, ಒಂದು ಬಕೆಟ್ ನೀರು, ಮುಚ್ಚಳವಿರುವ ಕಸದ ಬುಟ್ಟಿ, ಬಟ್ಟೆ ಬದಲಿಸಲು ಒಂದು ಮರೆ. ಇಷ್ಟಿಲ್ಲದೆ "ಹುಡುಗಿಯರು ಬರುವುದೇ ಇಲ್ಲ" ಎಂದು ದೂರುವುದು ಅನ್ಯಾಯ. ದಾರಿಗೂ ಬಾಗಿಲಿಗೂ ಒಂದೊಂದು ದೀಪ ಮೂರನೆಯದು. ಟ್ರೋಫಿ ಆಮೇಲೆ ನೋಡೋಣ.

ನೆಲದ ಆರೈಕೆ ಎಲ್ಲ ಕಡೆ ಒಂದೇ ಅಲ್ಲ. ಕಪ್ಪು ಮಣ್ಣು ಮಳೆಗೆ ಉಬ್ಬುತ್ತದೆ, ಬೇಸಿಗೆಗೆ ಬಿರುಕು ಬಿಡುತ್ತದೆ. ಆ ಬಿರುಕಿನಲ್ಲಿ ಕಾಲು ಸಿಕ್ಕಿದರೆ ಪಾದ ಉಳುಕುವುದು ಖಂಡಿತ. ಅಂಥ ನೆಲಕ್ಕೆ ಗರಸು ಮಣ್ಣು ಹರಡಿ, ನೀರು ಚಿಮುಕಿಸಿ, ರೋಲರ್ ಎಳೆಯಬೇಕು. ನಡುವೆ ಸ್ವಲ್ಪ ಎತ್ತರ, ಅಂಚಿಗೆ ಇಳಿಜಾರು, ಸುತ್ತ ಒಂದು ಸಣ್ಣ ಚರಂಡಿ ಇದ್ದರೆ ಮಳೆ ನೀರು ನಿಲ್ಲುವುದಿಲ್ಲ. ಅಡಿಕೆಯ ನಾಡು ಚನ್ನಗಿರಿಯಲ್ಲೂ ತುಂಗಭದ್ರೆಯ ದಡದ ಹೊನ್ನಾಳಿಯಲ್ಲೂ ಮಳೆಗಾಲದ ಚಿಂತೆಯೇ ದೊಡ್ಡದು. ಒದ್ದೆ ನೆಲದಲ್ಲಿ ಒಂದು ದಿನ ಆಡಿದರೆ ಆ ಗುಂಡಿಗಳನ್ನು ಮುಚ್ಚಲು ಒಂದು ವಾರ ಬೇಕು. ಬರ ಕಂಡ ಜಗಳೂರಿನಲ್ಲಿ ಚಿಂತೆ ಬೇರೆ. ಅಲ್ಲಿ ಧೂಳು, ಮುಳ್ಳು, ಬಿಸಿಲು. ಹುಲ್ಲು ಹಾಸಿ ಬೋರಿನ ನೀರು ಸುರಿಯುವುದು ಅಲ್ಲಿಗೆ ಸಲ್ಲದು. ಅಂಚಿನಲ್ಲಿ ಹೊಂಗೆ, ಬೇವು ನೆಟ್ಟು, ಕೈಕಾಲು ತೊಳೆದ ನೀರನ್ನು ಅವುಗಳ ಬುಡಕ್ಕೆ ಹರಿಸಿದರೆ ಕೆಲವು ವರ್ಷಗಳಲ್ಲಿ ನಡೆಯುವವರಿಗೆ ನೆರಳು. ಇನ್ನೊಂದು ಎಚ್ಚರಿಕೆ - ಗೆರೆ ಎಳೆಯಲು ಸುಟ್ಟ ಸುಣ್ಣ ಬಳಸಬೇಡಿ. ಬಿದ್ದ ಮಗುವಿನ ಕಣ್ಣಿಗೆ ಹೋದರೆ ಅಪಾಯ. ಸೀಮೆಸುಣ್ಣದ ಪುಡಿ ಸಾಕು.

ಹಣ? ಒಂದು ಉದಾಹರಣೆ ನೋಡಿ. 40 ಮನೆಗಳು ತಿಂಗಳಿಗೆ 50 ರೂಪಾಯಿ ಕೊಟ್ಟರೆ 2000 ರೂಪಾಯಿ, ವರ್ಷಕ್ಕೆ 24 ಸಾವಿರ. ಚೆಂಡು, ಬಲೆ, ಪ್ರಥಮ ಚಿಕಿತ್ಸೆಯ ಪೆಟ್ಟಿಗೆ, ಶೌಚಾಲಯ ತೊಳೆಯುವವರ ಕೂಲಿಗೆ ಇಲ್ಲಿಂದಲೇ ಆರಂಭಿಸಬಹುದು. ಕೊಡಲಾಗದ ಮನೆಯ ಮಗುವನ್ನು ಹೊರಗೆ ನಿಲ್ಲಿಸಬೇಡಿ. ಆ ಮನೆಯವರು ತಿಂಗಳಿಗೊಂದು ಬೆಳಿಗ್ಗೆ ಮೈದಾನದಲ್ಲಿ ಕಲ್ಲು ಹೆಕ್ಕಿದರೆ ಅದೂ ಚಂದಾವೇ. ಜಮಾ ಖರ್ಚನ್ನು ಪ್ರತಿ ತಿಂಗಳು ಅದೇ ಕಪ್ಪು ಹಲಗೆಯ ಮೇಲೆ ಬರೆಯಿರಿ. ಎಷ್ಟೋ ಸಂಘಗಳು ಮುಳುಗುವುದು ಹಣವಿಲ್ಲದೆ ಅಲ್ಲ, ಲೆಕ್ಕ ಕಾಣದೆ.

ಅಧಿಕಾರ ಒಬ್ಬರ ಕೈಯಲ್ಲೇ ಉಳಿದರೂ ಸಂಘ ಸೊರಗುತ್ತದೆ. ಇದಕ್ಕೆ ನಮ್ಮ ರಾಜ್ಯದ ಕೊಡಗಿನವರು ಒಳ್ಳೆಯ ದಾರಿ ಕಂಡುಕೊಂಡಿದ್ದಾರೆ. 1997ರಲ್ಲಿ ಕರಡ ಗ್ರಾಮದಲ್ಲಿ ಪಾಂಡಂಡ ಕುಟ್ಟಪ್ಪ ಅವರು ಕೊಡವ ಕುಟುಂಬಗಳ ನಡುವೆ ಹಾಕಿ ಹಬ್ಬ ಆರಂಭಿಸಿದರು. ಮೊದಲ ವರ್ಷ 60 ಕುಟುಂಬಗಳು ಬಂದಿದ್ದವು. 2024ರಲ್ಲಿ ನಾಪೋಕ್ಲುವಿನ ಹಬ್ಬಕ್ಕೆ 360 ತಂಡಗಳು! ಅದು ಗಿನ್ನೆಸ್ ದಾಖಲೆಗೂ ಸೇರಿತು. ಗುಟ್ಟು ಇಷ್ಟೇ. ಒಂದೊಂದು ವರ್ಷ ಒಂದೊಂದು ಕುಟುಂಬ ಹೊಣೆ ಹೊರುತ್ತದೆ. ಒಂದೇ ತಂಡದಲ್ಲಿ ಹೆಂಗಸರು, ಗಂಡಸರು, ಹಿರಿಯರು, ಮಕ್ಕಳು ಆಡಬಹುದು. ನಾವೂ ಮೈದಾನದ ಉಸ್ತುವಾರಿಯನ್ನು ಮೂರು ತಿಂಗಳಿಗೊಮ್ಮೆ ಒಂದೊಂದು ಓಣಿಗೆ ವಹಿಸಬಹುದಲ್ಲವೇ? ಕೀಲಿಕೈ ಕೈ ಬದಲಾಯಿಸುತ್ತಿದ್ದರೆ ಮೈದಾನ ಎಲ್ಲರದಾಗುತ್ತದೆ.

"ಎಲ್ಲ ಸರಿ, ಆದರೆ ನಮ್ಮ ಹೆಣ್ಣು ಮಕ್ಕಳು..." ಎಂದು ಯಾರಾದರೂ ಮಾತು ಎಳೆಯಬಹುದು. ಅವರಿಗೆ ನಿಝಾಮಾಬಾದಿನ ಜಮೀಲ್ ಅಹ್ಮದ್ ಎಂಬ ತಂದೆಯ ವಿಷಯ ಹೇಳಿ. ಮಗಳನ್ನು ಮೈದಾನಕ್ಕೆ ಕರೆದೊಯ್ದು ಮೊದಲು ಓಡಲು ಕಲಿಸಿದರು. ಮುಂದೆ ಅವಳು ಬಾಕ್ಸಿಂಗ್ ಹಿಡಿದಾಗ ಬೆನ್ನಿಗೆ ನಿಂತರು. ಆ ನಿಖತ್ ಝರೀನ್ 2022ರಲ್ಲಿ ಇಸ್ತಾಂಬುಲ್‌ನಲ್ಲಿ, 2023ರಲ್ಲಿ ದೆಹಲಿಯಲ್ಲಿ ವಿಶ್ವ ಚಾಂಪಿಯನ್ ಆದಳು. ಉಡುಪಿನ ಮಾತು ಬಂದರೆ, ಫುಟ್ಬಾಲಿನಲ್ಲಿ 2014ರಿಂದ, ಬಾಸ್ಕೆಟ್ ಬಾಲಿನಲ್ಲಿ 2017ರಿಂದ ತಲೆವಸ್ತ್ರ ಧರಿಸಿ ಆಡಲು ಅಂತಾರಾಷ್ಟ್ರೀಯ ನಿಯಮಗಳೇ ಅವಕಾಶ ಕೊಟ್ಟಿವೆ. ಹಳ್ಳಿ ಹುಡುಗಿಯರ ಆಟ ಎಂದು ಖೋ ಖೋವನ್ನು ಮೂಗು ಮುರಿಯುವವರಿಗೂ ಉತ್ತರವಿದೆ. 2025ರ ಜನವರಿಯಲ್ಲಿ ದೆಹಲಿಯಲ್ಲಿ ನಡೆದ ಮೊದಲ ಖೋ ಖೋ ವಿಶ್ವಕಪ್ ಗೆದ್ದ ಭಾರತದ ಮಹಿಳಾ ತಂಡದಲ್ಲಿ ಮೈಸೂರು ಜಿಲ್ಲೆಯ ಕುರುಬೂರಿನ ಚೈತ್ರಾ ಇದ್ದಳು.

ನಮ್ಮ ಮಕ್ಕಳೆಲ್ಲ ವಿಶ್ವ ಚಾಂಪಿಯನ್ ಆಗಬೇಕಾಗಿಲ್ಲ. ಮೈ ಬೆವರಬೇಕು, ಸೋತಾಗ ಅಳದೆ ಎದುರಾಳಿಯ ಕೈ ಕುಲುಕಲು ಕಲಿಯಬೇಕು, ರಾತ್ರಿ ಚೆನ್ನಾಗಿ ನಿದ್ದೆ ಬರಬೇಕು. ಪಕ್ಕದ ಓಣಿಯ ಲಕ್ಷ್ಮಿ, ಮೇರಿ, ಆಯಿಶಾ ಒಂದೇ ತಂಡದಲ್ಲಿ ಓಡಿದರೆ ಅವರ ತಾಯಂದಿರು ಬೇಲಿಯ ಬಳಿ ನಿಂತು ಮಾತಾಡುತ್ತಾರೆ. ಊರಿನ ನೆಮ್ಮದಿಗೆ ಇದಕ್ಕಿಂತ ಅಗ್ಗದ ದಾರಿ ನನಗೆ ಗೊತ್ತಿಲ್ಲ.

ಚನ್ನಗಿರಿ ತಾಲ್ಲೂಕಿನ ಸೂಳೆಕೆರೆಯನ್ನು ನೀವು ನೋಡಿರಬಹುದು. ಶಾಂತಿಸಾಗರ ಎಂದೂ ಅದಕ್ಕೆ ಹೆಸರು. ಶಾಂತವ್ವ ಎಂಬ ಹೆಣ್ಣು ಮಗಳು ಕಟ್ಟಿಸಿದಳೆಂದು ಜನ ಹೇಳುತ್ತಾರೆ. ಕೆರೆ ಕಟ್ಟಿದರಷ್ಟೇ ಸಾಲದು. ಏರಿಯ ಬಿರುಕು ಮುಚ್ಚುವವರು, ತೂಬು ನೋಡಿಕೊಳ್ಳುವವರು ತಲೆಮಾರುಗಳಿಂದ ಇದ್ದುದರಿಂದ ಅದು ಉಳಿಯಿತು. ಮೈದಾನವೂ ಹಾಗೆಯೇ.

ಈ ವಾರ ಒಂದು ಕೆಲಸ ಮಾಡಿ. ನಾಲ್ಕು ಮನೆಯ ಸಹೋದರಿಯರು ಜೊತೆಗೂಡಿ, ಮಕ್ಕಳನ್ನು ಕರೆದುಕೊಂಡು ನಿಮ್ಮ ಊರಿನ ಮೈದಾನಕ್ಕೆ ಹೋಗಿ. ಒಂದು ಸುತ್ತು ನಡೆಯಿರಿ. ನೀರು ಎಲ್ಲಿದೆ, ಶೌಚಾಲಯಕ್ಕೆ ಚಿಲಕವಿದೆಯೇ, ಗಾಜಿನ ಚೂರು ಎಲ್ಲೆಲ್ಲಿದೆ ಎಂದು ಒಂದು ಹಾಳೆಯಲ್ಲಿ ಬರೆದುಕೊಳ್ಳಿ. ಆ ಹಾಳೆಯೇ ನಿಮ್ಮ ಕ್ಲಬ್ಬಿನ ಮೊದಲ ದಾಖಲೆ. ಮನೆಗೆ ಬಂದು ಮಗಳನ್ನು ಕೇಳಿ - "ನಿನಗೆ ಯಾವ ಗಂಟೆ ಬೇಕು?"

ಅವಳು ಏನು ಹೇಳುತ್ತಾಳೋ ಅದನ್ನು ಹಲಗೆಯ ಮೇಲೆ ಬರೆಸುವ ಕೆಲಸ ನಮ್ಮದು.