ಕಿರಿಯರ ಸಂಶಯಕ್ಕೂ ಕಿವಿಯಿರಲಿ

ಬಂಟ್ವಾಳ, ಬೆಳ್ತಂಗಡಿ, ಮೂಡುಬಿದಿರೆಗಳಂತಹ ಊರುಗಳಲ್ಲಿ ವೈದ್ಯರು, ದಾದಿಯರು, ಆಯಾಗಳು ಪರಸ್ಪರ ಪರಿಚಿತರೇ. ಆದ್ದರಿಂದಲೇ ಆಸ್ಪತ್ರೆಯೊಳಗಿನ ಮನಸ್ತಾಪವು ಪೇಟೆಯ ಮಾತಾಗುವುದು ಬೇಗ, ಎದುರು ಕುಳಿತು ಬಗೆಹರಿಯುವುದು ತಡ.

ಔಷಧಿಯ ಪ್ರಮಾಣದಲ್ಲಿ ಸಂಶಯ ಬಂದ ದಾದಿಯು ಪ್ರಶ್ನಿಸಿದರೆ ಉದ್ಧಟತನವೆನಿಸುತ್ತದೆ; ಸುಮ್ಮನಿದ್ದರೆ ಫಲವನ್ನುಣ್ಣುವವನು ರೋಗಿ. ವಿಶ್ವ ಆರೋಗ್ಯ ಸಂಸ್ಥೆಯು 2008ರಲ್ಲಿ ಹೊರತಂದ ಶಸ್ತ್ರಚಿಕಿತ್ಸಾ ಸುರಕ್ಷತಾ ಪಟ್ಟಿಯ ಪ್ರಕಾರ, ಚರ್ಮ ಕೊಯ್ಯುವ ಮೊದಲು ತಂಡದ ಎಲ್ಲರೂ ತಮ್ಮ ಹೆಸರು, ಕೆಲಸ ಹೇಳಬೇಕು. ದಾದಿಯರ ಆತಂಕಗಳನ್ನೂ ಕೇಳಬೇಕು. ಒಮ್ಮೆ ಬಾಯಿ ತೆರೆದವರಿಗೆ ಮುಂದೆ ಎಚ್ಚರಿಸಲು ಸಂಕೋಚ ಕಡಿಮೆ. ತರಗತಿಯಲ್ಲೂ ಇದು ನಿಜ.

ಪ್ರತಿ ಪಾಳಿ ಬದಲಾಗುವಾಗ ಐದು ನಿಮಿಷ ಇಂತಹ ಮಾತಿಗೆ ಮೀಸಲಾಗಲಿ. ಜಗಳವಾಡಿದವರನ್ನು ವರ್ಗಾಯಿಸಿದರೆ ಜಗಳವು ಊರು ಬದಲಿಸುತ್ತದೆ, ಮುಗಿಯುವುದಿಲ್ಲ.