ಪಂಜೆಂಟ್ ಅಂದ್ರೆ ಘಾಟು

ಅಮೋನಿಯಾ ಬಣ್ಣವಿಲ್ಲದ ಅನಿಲ, ಅದಕ್ಕೆ ಪಂಜೆಂಟ್ ಸ್ಮೆಲ್ ಇರುತ್ತದೆ. ಇಂಗ್ಲಿಷ್ ಮೀಡಿಯಂನಲ್ಲಿ ಓದಿದ ನಾವೆಲ್ಲ ಈ ವಾಕ್ಯವನ್ನು ಹೈಸ್ಕೂಲಿಂದ ಪಿಯುಸಿವರೆಗೂ ಬರೆದಿದ್ದೇವೆ, ಮಾರ್ಕ್ಸೂ ತಗೊಂಡಿದ್ದೇವೆ. ಪಂಜೆಂಟ್ ಅಂದ್ರೆ ಏನು ಅಂತ ಮಾತ್ರ ಒಬ್ಬರೂ ಕೇಳಲಿಲ್ಲ. ಏನೋ ಕೆಟ್ಟ ವಾಸನೆ ಇರಬೇಕು ಅಂದ್ಕೊಂಡಿದ್ವಿ. ಕನ್ನಡ ಮೀಡಿಯಂನಿಂದ ಬಂದ ಗೆಳೆಯರನ್ನು ಕೇಳಿದರೆ ಅವರು "ಕಟುವಾಸನೆ" ಅಂತ ಬರೆದು ಮಾರ್ಕ್ಸ್ ತಗೊಂಡವರು. ಕಟು ಅಂದ್ರೆ? "ಕಹಿ ಇರಬೇಕು ಕಣೋ" ಅಂದರು. ಕಹಿಗೆ ಎಂಥಾ ವಾಸನೆ?

ನಮ್ಮ ಕ್ಲಬ್ ಈ ಸೆಮಿಸ್ಟರ್‌ನಲ್ಲಿ ಕೆಮಿಸ್ಟ್ರಿ ಲ್ಯಾಬಿನ ಪದಗಳಿಗೆ ಕನ್ನಡ ಪಟ್ಟಿ ಮಾಡ್ತಾ ಇದೆ. ಪಂಜೆಂಟ್ ಎದುರಿಗೆ ಸದ್ಯಕ್ಕೆ "ಕಟು, ತೀಕ್ಷ್ಣ" ಅಂತಿದೆ. ಅದನ್ನು ತೆಗೆದು "ಘಾಟು" ಅಂತ ಹಾಕಬೇಕು ಅನ್ನೋದು ನಮ್ಮ ವಾದ.

ಈ ವಾದ ಹುಟ್ಟಿದ್ದು ರಾಮನಾಥಪುರದಲ್ಲಿ. ಅರಕಲಗೂಡು ತಾಲ್ಲೂಕಿನಲ್ಲಿ ಕಾವೇರಿ ದಡದಲ್ಲಿರುವ ಈ ಊರು ಹೊರಗಿನವರಿಗೆ ರಾಮೇಶ್ವರ ದೇವಸ್ಥಾನ, ಸುಬ್ರಹ್ಮಣ್ಯ ದೇವಸ್ಥಾನ ಮತ್ತು ಹೊಳೆ ಮೀನುಗಳಿಗೆ ಪುರಿ ಹಾಕೋ ಜಾಗ. ಸುತ್ತಲ ಹಳ್ಳಿಗಳಿಗೆ ಅದು ಹೊಗೆಸೊಪ್ಪಿನ ಊರು. ತಂಬಾಕು ಮಂಡಳಿಯ ಹರಾಜು ಮಾರುಕಟ್ಟೆ ಅಲ್ಲೇ ಇದೆ. ಹೋದ ಮಳೆಗಾಲದಲ್ಲಿ ನಾವು ನಾಲ್ಕು ಜನ ಅಲ್ಲಿನ ಗೆಳೆಯನ ಮನೆಗೆ ಹೋಗಿದ್ವಿ. ಅವರ ಬ್ಯಾರನ್‌ಗೆ ಆಗ ಬೆಂಕಿ ಹಾಕಿದ್ರು. ಕಿಟಕಿ ಇಲ್ಲದ ಎತ್ತರದ ಕೋಣೆ, ಒಳಗೆ ಅಟ್ಟದ ಮೇಲೆ ಅಟ್ಟ, ಕಡ್ಡಿಗೆ ಕಟ್ಟಿ ತೂಗುಹಾಕಿದ ಸೊಪ್ಪು. ಒಲೆ ಇರೋದು ಹೊರಗೆ. ಸೌದೆಯ ಬಿಸಿ ದಪ್ಪ ಕಬ್ಬಿಣದ ಕೊಳವೆಯಲ್ಲಿ ಒಳಗೆಲ್ಲ ಸುತ್ತಿ, ಹೊಗೆ ಚಿಮಣಿಯಿಂದ ಹೊರಗೆ ಹೋಗುತ್ತೆ. ಸೊಪ್ಪಿಗೆ ಹೊಗೆ ತಾಗೋದೇ ಇಲ್ಲ, ಬಿಸಿ ಮಾತ್ರ. (ಹೀಟ್ ಎಕ್ಸ್‌ಚೇಂಜರ್ ಅಂತ ನಾವು ಚಿತ್ರ ಬರೆದು ಬಾಣ ಹಾಕೋದು ಇದಕ್ಕೇ.) ಬಾಗಿಲು ತೆಗೆದಿದ್ದೇ ತಡ, ಕಣ್ಣಲ್ಲಿ ನೀರು, ಗಂಟಲಲ್ಲಿ ಕೆರೆತ, ನಾಲ್ಕೂ ಜನಕ್ಕೆ ಕೆಮ್ಮು. ಗೆಳೆಯನ ಅಜ್ಜಿ ಅಂಗಳದಿಂದ ಕೂಗಿದರು: "ಘಾಟು ಹೊಡೀತದೆ ಕಣ್ರಪ್ಪ, ಈಚೆಗ್ ಬನ್ನಿ!"

ನಾಲ್ಕು ವರ್ಷದಿಂದ ಬರೀತಿದ್ದ ಪದದ ಅರ್ಥ ಅವತ್ತು ಮೂಗಿಗೆ ಹತ್ತಿತು.

ಆಮೇಲೆ ಡಿಕ್ಷನರಿ ತೆಗೆದ್ವಿ. ಪಂಜೆಂಟ್‌ನ ಮೂಲ ಲ್ಯಾಟಿನ್‌ನ ಪುಂಗೆರೆ, ಅಂದರೆ ಚುಚ್ಚು. ಇಂಗ್ಲಿಷಿಗೆ ಅದು ಬಂದಿದ್ದು 16ನೇ ಶತಮಾನದ ಕೊನೆಗೆ. ಮೊದಲು ಚುಚ್ಚುವ ನೋವಿಗೆ ಬಳಕೆಯಾಗಿ, ಮೂಗು ನಾಲಿಗೆಗೆ ಬಂದಿದ್ದು ಆಮೇಲೆ. ಸಸ್ಯಶಾಸ್ತ್ರದಲ್ಲಿ ಮುಳ್ಳಿನಂಥ ತುದಿಯಿರುವ ಎಲೆಗೆ ಈಗಲೂ ಪಂಜೆಂಟ್ ಅಂತಾರೆ. ಅದರ ನೆಂಟರು ನಮಗೆ ಚೆನ್ನಾಗಿ ಗೊತ್ತಿರೋರೇ: ಪಾಯಿಂಟ್, ಪಂಕ್ಚುವಲ್, ಮನಸ್ಸಿಗೆ ಚುಚ್ಚುವ ಪಾಯ್ನೆಂಟ್, ಮತ್ತೆ ಪಂಕ್ಚರ್. ಬಸ್ ಸ್ಟ್ಯಾಂಡ್ ಹತ್ರ ಟೈರ್ ನೇತುಹಾಕಿ "ಪಂಚರ್" ಅಂತ ಬೋರ್ಡ್ ಬರೆಸಿದವರಿಗೆ ನಮ್ಮ ಅಮೋನಿಯಾ ಸಂಬಂಧ ಅಂತ ಯಾರು ಅಂದ್ಕೊಂಡಿದ್ರು! ಸಮಾನಾರ್ಥಕ ಅಂತ ಕೊಡುವ ಪಿಕಂಟ್ ಕೂಡ ಫ್ರೆಂಚ್‌ನಲ್ಲಿ ಚುಚ್ಚೋದೇ.

ಈ ಚುಚ್ಚೋದು ಬರೀ ಹೋಲಿಕೆ ಅಲ್ಲ. ಮೂಗಿನಲ್ಲಿ ವಾಸನೆ ಹಿಡಿಯುವ ನರ ಒಂದು. ಉರಿ, ಚುಚ್ಚು, ನೋವು ತಿಳಿಸುವ ಟ್ರೈಜೆಮಿನಲ್ ನರ ಬೇರೆ. ಅಮೋನಿಯಾ ಎರಡನ್ನೂ ಕೆಣಕುತ್ತೆ. ಮೆಣಸಿನಕಾಯಿಯ ಕ್ಯಾಪ್ಸೈಸಿನ್ ಹೋಗಿ ಕೂರೋದು ಬಿಸಿ ಮತ್ತು ನೋವನ್ನು ಗ್ರಹಿಸುವ ಒಂದು ರಿಸೆಪ್ಟರ್ ಮೇಲೆ. ಅದನ್ನು 1997ರಲ್ಲಿ ಗುರುತಿಸಿದ ತಂಡದ ಡೇವಿಡ್ ಜೂಲಿಯಸ್‌ಗೆ 2021ರ ವೈದ್ಯಕೀಯ ನೊಬೆಲ್‌ನಲ್ಲಿ ಪಾಲು ಸಿಕ್ಕಿತು. ಅಜ್ಜಿ ಹೇಳಿದ್ದನ್ನು ಇನ್ನೊಮ್ಮೆ ಕೇಳಿ: ಘಾಟು "ಹೊಡೀತದೆ". ನಮ್ಮ ಮನೆಗಳಲ್ಲೂ ವಾಸನೆ ಬರುತ್ತೆ, ಘಾಟು ಹೊಡೆಯುತ್ತೆ, ಇಲ್ಲಾ ನೆತ್ತಿಗೆ ಹತ್ತುತ್ತೆ. ಒಗ್ಗರಣೆಯಲ್ಲಿ ಮೆಣಸಿನಕಾಯಿ ಸೀದ ದಿನ ಯಾರೂ "ಕಟುವಾಸನೆ ಬರುತ್ತಿದೆ" ಅನ್ನಲ್ಲ.

ಕಟು ಮೇಲೆ ನಮಗೆ ಸಿಟ್ಟೇನಿಲ್ಲ. ಆಯುರ್ವೇದದ ಆರು ರಸಗಳಲ್ಲಿ ಕಟು ಅಂದರೆ ಖಾರ, ಕಹಿಗೆ ತಿಕ್ತ. ಪದ ಹಾಕಿದವರು ಸರಿಯಾಗೇ ಹಾಕಿದ್ದರು. ಆದರೆ "ಕಟುಸತ್ಯ" ಓದಿ ಬೆಳೆದ ನಮಗೆ ಕಟು ಅಂದ್ರೆ ಕಹಿಯೇ ಆಗಿಬಿಟ್ಟಿದೆ. ಹಿಂದಿಯ ಕಡವಾ ಕೂಡ ಅದೇ ದಾರಿ ಹಿಡಿದ ಪದ. ಇನ್ನು ನಮ್ಮ ಖಾರ ಬಂದಿದ್ದು ಕ್ಷಾರದಿಂದ, ಅಂದರೆ ಆಲ್ಕಲಿ. ನೀರಲ್ಲಿ ಕರಗಿದ ಅಮೋನಿಯಾ ಕ್ಷಾರವೇ ತಾನೆ!

ಮೀಟಿಂಗ್‌ನಲ್ಲಿ ಒಬ್ಬ ಸೀನಿಯರ್, "ಘಾಟು ಅಡುಗೆಮನೆ ಮಾತು, ಟೆಕ್ನಿಕಲ್ ಪಟ್ಟಿಗೆ ಗಂಭೀರವಾದ ಪದ ಬೇಕು" ಅಂದರು. ನಮಗೆ ಇದು ತಲೆಕೆಳಗಾದ ಮಾತು ಅನ್ಸುತ್ತೆ. ಪಂಜೆಂಟ್ ಅನ್ನೋ ಪದ ಲ್ಯಾಬಿನಲ್ಲಿ ಇರೋದೇ ಎಚ್ಚರಿಕೆಗೆ. ಬಾಟಲಿ ಮುಚ್ಚಳ ತೆಗೆದಾಗ ಹೊಡೆದದ್ದು ಏನು, ಹಿಂದೆ ಸರೀಬೇಕಾ ಅಂತ ಆ ಕ್ಷಣದಲ್ಲೇ ಗೊತ್ತಾಗಬೇಕು. ಕೋಲ್ಡ್ ಸ್ಟೋರೇಜ್‌ಗಳಲ್ಲಿ ತಂಪು ಮಾಡೋಕೆ ಅಮೋನಿಯಾ ಬಳಸ್ತಾರೆ. ಅಲ್ಲಿ ಮೂಟೆ ಹೊರುವವರಿಗೆ ಗೋಡೆ ಮೇಲೆ "ಕಟುವಾಸನೆ ಕಂಡುಬಂದಲ್ಲಿ" ಅಂತ ಬರೆದರೆ ಏನು ಉಪಯೋಗ? "ಘಾಟು ಹೊಡೆದರೆ ಕೂಡಲೇ ಹೊರಗೆ ಹೋಗಿ" ಅಂತ ಬರೆದರೆ ಓದಿದವರಿಗೆ ಕಾಲು ಏಳುತ್ತೆ. ನಾಳೆ ಆ ಬೋರ್ಡ್ ಬರೆಸೋ ಇಂಜಿನಿಯರ್ ನಮ್ಮಲ್ಲೇ ಒಬ್ಬರಿರಬಹುದು.

ಘಾಟು ಎಲ್ಲ ಕಡೆ ಹೊಂದಲ್ಲ, ಒಪ್ಪಿದ್ವಿ. ಆ ಮುಳ್ಳು ತುದಿಯ ಎಲೆಗೆ ಮೊನಚು ಅನ್ನೋಣ, ಪಂಜೆಂಟ್ ಟೀಕೆಗೂ ಮೊನಚು ಸಾಕು, ಸಾರಿಗೆ ಖಾರ. ಅನಿಲಕ್ಕೆ ಮಾತ್ರ ಘಾಟು. ಮುಂದಿನ ಮೀಟಿಂಗ್‌ನಲ್ಲಿ ಇದನ್ನೇ ಇಡ್ತೀವಿ. ಪಟ್ಟಿಯಲ್ಲಿ ಅಕ್ರಿಡ್ ಇನ್ನೂ ಖಾಲಿ ಇದೆ. ಪ್ಲಾಸ್ಟಿಕ್ ಸುಟ್ಟಾಗ ಬರುತ್ತಲ್ಲ, ಅದು. ನಿಮ್ಮ ಮನೇಲಿ ಅದಕ್ಕೆ ಏನಂತಾರೆ, ಊರಿಗೆ ಹೋದಾಗ ಕೇಳ್ಕೊಂಡು ಬನ್ನಿ.